ತಿಂಗಳ ಪತ್ರಿಕೆಯೇ ತಲೆನೋವಾದಾಗ

ನಿಮ್ಮ ಬಡಾವಣೆಯ ಸಂಘಕ್ಕೆ ಒಂದು ಪುಟ್ಟ ಮಾಸಪತ್ರಿಕೆ ಇರಬಹುದು. ನಾಲ್ಕೋ ಎಂಟೋ ಪುಟ. ನೀರು ಬಿಡುವ ಹೊತ್ತು, ಕಸದ ಗಾಡಿ ಬಾರದ ದೂರು, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೋ, ಒಂದು ಚುಟುಕ, ಒಂದು ಅಡುಗೆ. ನಿಮ್ಮ ಮಗಳ ಶಾಲೆಯಲ್ಲಿ ವಾರಕ್ಕೊಮ್ಮೆ ಬದಲಾಗುವ ಗೋಡೆ ಪತ್ರಿಕೆ ಇರಬಹುದು. ನೌಕರರ ಸಂಘದ್ದು, ಹಳೆಯ ವಿದ್ಯಾರ್ಥಿಗಳದ್ದು, ಹೊರನಾಡಿನ ಕನ್ನಡ ಸಂಘದ್ದು ಎಂದು ಇಂಥ ಪತ್ರಿಕೆಗಳು ಊರೂರಿನಲ್ಲೂ ಇವೆ. ಬಹುಪಾಲು ಇವುಗಳ ಹಿಂದೆ ಒಬ್ಬರೇ ಒಬ್ಬರು ಇರುತ್ತಾರೆ. ಅವರಿಗೆ ಸಂಬಳವಿಲ್ಲ. ಲೇಖನ ಕೇಳುವವರು, ತಿದ್ದುವವರು, ಮುದ್ರಣಾಲಯಕ್ಕೆ ಓಡುವವರು, ಕೊನೆಗೆ ಮನೆಮನೆಗೆ ಹಂಚುವವರು ಎಲ್ಲವೂ ಅವರೇ.

ಮೊದಲ ವರ್ಷ ಅವರ ಉತ್ಸಾಹ ನೋಡಬೇಕು. ರಾತ್ರಿ ಹನ್ನೊಂದಾದರೂ ಎದ್ದೇಳುವುದಿಲ್ಲ. ಮೂರನೆಯ ವರ್ಷದ ಹೊತ್ತಿಗೆ ಅದು ಅಭ್ಯಾಸವಾಗುತ್ತದೆ. ಆರನೆಯ ವರ್ಷಕ್ಕೆ ಅದೇ ಕೆಲಸ ಹೆಗಲ ಮೇಲಿನ ಮೂಟೆಯಾಗುತ್ತದೆ. ಇಷ್ಟಪಟ್ಟು ಹಿಡಿದ ಕೆಲಸ ಕಷ್ಟಪಟ್ಟು ಮಾಡುವ ಕೆಲಸವಾಗಿ ಏಕೆ ಬದಲಾಗುತ್ತದೆ? ಆರೋಗ್ಯದ ಅಂಕಣದಲ್ಲಿ ಈ ವಿಷಯವೇಕೆ ಎಂದು ನೀವು ಕೇಳಬಹುದು. ಇಂಥವರು ಚಿಕಿತ್ಸಾಲಯಕ್ಕೆ ಬರುವುದು 'ಡಾಕ್ಟ್ರೇ, ಪತ್ರಿಕೆ ಬೇಸರವಾಗಿದೆ' ಎಂದಲ್ಲ. ತಲೆನೋವು, ಹುಳಿತೇಗು, ನಿದ್ರೆಯಿಲ್ಲ ಎಂದು. ಆದ್ದರಿಂದಲೇ ಈ ವಾರ ಈ ವಿಷಯ.

ಇಪ್ಪತ್ತನೇ ತಾರೀಖಿನ ಕಾಯಿಲೆ

ಅರವತ್ತೊಂದು ವಯಸ್ಸಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಪತ್ನಿಯ ಜೊತೆಗೆ ಬಂದರು. (ಗುರುತು ಸಿಗದಂತೆ ವಿವರಗಳನ್ನು ಕೊಂಚ ಬದಲಿಸಿದ್ದೇನೆ.) ಆರು ತಿಂಗಳಿಂದ ತಲೆಯ ಹಿಂಭಾಗದಲ್ಲಿ ಪಟ್ಟಿ ಬಿಗಿದಂಥ ನೋವು, ಎದೆಯುರಿ, ಬೆಳಗಿನ ಮೂರು ಗಂಟೆಗೇ ಎಚ್ಚರ. ರಕ್ತದೊತ್ತಡ 150/96 ಇತ್ತು. ರಕ್ತಪರೀಕ್ಷೆ, ಇಸಿಜಿ ಎಲ್ಲ ಮಾಡಿಸಿದ್ದಾಯಿತು. ಹೇಳಿಕೊಳ್ಳುವಂಥ ದೋಷ ಯಾವುದೂ ಇಲ್ಲ.

ತಲೆನೋವು ಯಾವ ದಿನ ಬರುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಬರಲು ಹೇಳಿದೆ. ಎರಡು ತಿಂಗಳ ಗುರುತುಗಳನ್ನು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಗುರುತುಗಳೆಲ್ಲ ಇಪ್ಪತ್ತರಿಂದ ಮೂವತ್ತನೇ ತಾರೀಖಿನ ಒಳಗೇ ಇದ್ದವು. ಪತ್ನಿ ನಕ್ಕರು. "ಆ ಹತ್ತು ದಿನ ಇವರ ಹತ್ರ ಮಾತಾಡೋ ಹಾಗೇ ಇಲ್ಲ ಡಾಕ್ಟ್ರೇ. ಸಂಘದ ಪತ್ರಿಕೆ ಒಂದನೇ ತಾರೀಖು ಬರಬೇಕಲ್ಲ!" ಎಂದರು. ಒಂಬತ್ತು ವರ್ಷಗಳಿಂದ, ತಿಂಗಳು ತಪ್ಪದೆ, ಎಂಟು ಪುಟದ ಪತ್ರಿಕೆ. ನೂರಕ್ಕೂ ಹೆಚ್ಚು ಸಂಚಿಕೆಗಳು.

"ನಿಲ್ಲಿಸಿಬಿಡಿ ಎಂದರೆ ನಿಲ್ಲಿಸುತ್ತೀರಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಲ್ಲಿಸಿದರೆ ನನಗೆ ಬೇರೆ ಏನಿದೆ?" ಎಂದರು. ಇದು ಮುಖ್ಯವಾದ ಮಾತು. ಕೆಲಸ ಅವರನ್ನು ಹಣ್ಣು ಮಾಡುತ್ತಿತ್ತು. ಬದುಕಿಗೆ ಅರ್ಥ ಕೊಡುತ್ತಿದ್ದದ್ದೂ ಅದೇ ಕೆಲಸ. ಇಂಥವರಿಗೆ 'ಬಿಟ್ಟುಬಿಡಿ' ಎನ್ನುವುದು ಚಿಕಿತ್ಸೆಯಲ್ಲ.

ಬೇಸರ ಹುಟ್ಟುವುದು ಹೇಗೆ?

ಹೊಸ ಗಡಿಯಾರ ತಂದ ದಿನ ಅದರ ಟಿಕ್ ಟಿಕ್ ನಿದ್ರೆ ಕೆಡಿಸುತ್ತದೆ. ವಾರ ಕಳೆದರೆ ಕೇಳಿಸುವುದೇ ಇಲ್ಲ. ಗಡಿಯಾರ ನಿಂತಿಲ್ಲ, ಮೆದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿದೆ. ಒಂದೇ ಬಗೆಯ ಪ್ರಚೋದನೆ ಮತ್ತೆ ಮತ್ತೆ ಬಂದಾಗ ನರಮಂಡಲದ ಸ್ಪಂದನ ತಗ್ಗುತ್ತದೆ. ಇದು ದೋಷವಲ್ಲ, ಉಪಕಾರ. ಇಲ್ಲದಿದ್ದರೆ ನಾವು ಸಂತೆಯ ನಡುವೆ ಮಾತನಾಡಲೂ ಆಗುತ್ತಿರಲಿಲ್ಲ.

ಸಂತೋಷದ ವಿಷಯದಲ್ಲೂ ಇಂಥದ್ದೇ ಏರ್ಪಾಡಿದೆ. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳಿವೆ. ಉತ್ಸಾಹ, ಮುನ್ನುಗ್ಗುವ ಮನಸ್ಸು ಇವುಗಳಿಗೂ ಅವಕ್ಕೂ ನಂಟಿದೆ. ಸ್ವಿಟ್ಜರ್ಲೆಂಡಿನಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಕೋತಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕೋತಿಗೆ ನಿರೀಕ್ಷೆಯಿಲ್ಲದೆ ಹಣ್ಣಿನ ರಸ ಸಿಕ್ಕಾಗ ಈ ನರಕೋಶಗಳು ಚುರುಕಾಗಿ ಮಿಡಿಯುತ್ತಿದ್ದವು. ದೀಪ ಬೆಳಗಿದ ಮೇಲೆ ರಸ ಬಂದೇ ಬರುತ್ತದೆಂದು ಕೋತಿ ಕಲಿತ ಮೇಲೆ, ದೀಪ ಕಂಡಾಗ ಮಿಡಿದವು. ರಸ ನಾಲಿಗೆಗೆ ಬಿದ್ದಾಗ ಮಿಡಿತದಲ್ಲಿ ಹೆಚ್ಚಳವಿರಲಿಲ್ಲ. ಕೋತಿಯ ರಸಕ್ಕೂ ಮನುಷ್ಯನ ಬರವಣಿಗೆಗೂ ವ್ಯತ್ಯಾಸ ಬಹಳ. ಆದರೂ ನೂರನೆಯ ಸಂಚಿಕೆ ಕೈಗೆ ಬಂದಾಗ ಮೊದಲ ಸಂಚಿಕೆಯ ಪುಳಕ ಏಕಿಲ್ಲ ಎಂಬುದಕ್ಕೆ ಇದು ಸ್ವಲ್ಪ ಬೆಳಕು ಚೆಲ್ಲುತ್ತದೆ. ಏನು ಬರುತ್ತದೆಂದು ಪೂರ್ತಿ ಗೊತ್ತಿರುವಾಗ ಮೆದುಳಿಗೆ ಕುತೂಹಲವಿಲ್ಲ.

ಇನ್ನೊಂದು ಕಾರಣವನ್ನು ತಾಯ್ತಂದೆಯರು ಗಮನಿಸಬೇಕು. 1973ರಲ್ಲಿ ಅಮೆರಿಕದ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದು ಆ ಮಕ್ಕಳಿಗೆ ತಾನಾಗಿ ಇಷ್ಟವಿತ್ತು. ಕೆಲವರಿಗೆ 'ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಹೇಳಿ ಬರೆಸಿದರು. ಕೆಲವು ದಿನಗಳ ಬಳಿಕ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರು. ಪ್ರಶಸ್ತಿಗಾಗಿ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಆಟ ಯಾವಾಗ ಕರಾರಾಯಿತೋ ಆಗ ಅದರ ಸೊಗಸು ಕರಗಿತು. ದೊಡ್ಡವರಿಗೂ ಹೀಗೆಯೇ. 'ಬರೆಯೋಣ' ಎಂಬುದು 'ಬರೆಯಲೇಬೇಕು' ಆದ ದಿನದಿಂದ ಒಳಗಿನ ಉತ್ಸಾಹ ಸೋರತೊಡಗುತ್ತದೆ.

ಹಾಗಾದರೆ ಗಡುವೇ ಬೇಡವೇ? ಬೇಕು. 1908ರಷ್ಟು ಹಿಂದೆಯೇ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನೋವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಲ್ಲಿ, ಕಠಿಣವಾದ ಕಲಿಕೆಗೆ ಮಿತವಾದ ಒತ್ತಡವೇ ಒಳ್ಳೆಯದೆಂದು ಕಂಡಿದ್ದರು. ಒತ್ತಡ ತೀರ ಕಡಿಮೆಯಾದರೆ ಕೆಲಸ ಸಾಗದು. ತೀರ ಹೆಚ್ಚಾದರೆ ಕೆಲಸ ಕೆಡುತ್ತದೆ. ವೀಣೆಯ ತಂತಿಯ ಹಾಗೆ. ಗಡುವಿನ ಹಿಂದೆ ಗಡುವು ಬಂದು ತಂತಿ ಸಡಿಲಾಗಲು ಸಮಯವೇ ಸಿಗದಿದ್ದಾಗ ಅಡ್ರಿನಲ್ ಗ್ರಂಥಿಗಳಿಂದ ಬರುವ ಒತ್ತಡದ ಹಾರ್ಮೋನುಗಳು ದೇಹವನ್ನು ಸದಾ ಎಚ್ಚರದಲ್ಲಿಡುತ್ತವೆ. ಕತ್ತು, ಭುಜದ ಸ್ನಾಯುಗಳು ಬಿಗಿಯುತ್ತವೆ. ನಿದ್ರೆ ತೆಳುವಾಗುತ್ತದೆ. ಹೊಟ್ಟೆಯ ತೊಂದರೆ ಇದ್ದವರಿಗೆ ಅದು ಹೆಚ್ಚಾಗುತ್ತದೆ.

ಬಳಲಿಕೆಯ ಮೂರು ಮುಖ

1974ರಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಈ ಸ್ಥಿತಿಗೆ 'ಬರ್ನ್ ಔಟ್' ಎಂಬ ಹೆಸರನ್ನು ವೈದ್ಯಕೀಯ ಬರಹಗಳಿಗೆ ತಂದರು. ಎಣ್ಣೆ ತೀರಿ ಬತ್ತಿ ಕರಕಲಾದ ಹಾಗೆ ಎನ್ನಬಹುದು. ಬಡವರ ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ದುಡಿಯುತ್ತಿದ್ದ ಕಾರ್ಯಕರ್ತರಲ್ಲಿ ಅವರು ಇದನ್ನು ಕಂಡದ್ದು. ಸೋಮಾರಿಗಳಲ್ಲಿ ಅಲ್ಲ. ಮುಂದೆ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಸಂಶೋಧಕಿ ಇದಕ್ಕೆ ಮೂರು ಮುಖಗಳನ್ನು ಗುರುತಿಸಿದರು.

ಮೊದಲನೆಯದು, ವಿಶ್ರಾಂತಿ ಪಡೆದರೂ ತೀರದ ಆಯಾಸ. ಎರಡನೆಯದು, ಮಾಡುವ ಕೆಲಸ ಮತ್ತು ಆ ಕೆಲಸದ ಜನರ ಮೇಲೆ ತಾತ್ಸಾರ. 'ಇದನ್ನು ಯಾರು ಓದುತ್ತಾರೆ ಬಿಡಿ' ಎಂಬ ಮಾತು ಬಾಯಿಗೆ ಬರುವುದು. ಮೂರನೆಯದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ವರ್ಗೀಕರಣದಲ್ಲಿ ಇದನ್ನು ಸೇರಿಸಿದೆ. ಆದರೆ ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಒಂದು ಸ್ಥಿತಿ ಎಂದು. ಅದರ ಪ್ರಕಾರ ಈ ಹೆಸರನ್ನು ಉದ್ಯೋಗಕ್ಕೆ ಮಾತ್ರ ಬಳಸಬೇಕು. ಸಂಬಳವಿಲ್ಲದ ಸಂಘದ ಕೆಲಸಕ್ಕೆ ಆ ಹೆಸರು ಕಟ್ಟುನಿಟ್ಟಾಗಿ ಹೊಂದದಿರಬಹುದು. ಆದರೆ ನೋವು ಸಂಬಳ ನೋಡಿ ಬರುವುದಿಲ್ಲ.

ಮೊದಲು ದೇಹವನ್ನು ಪರೀಕ್ಷಿಸಿ

ಇಲ್ಲಿ ಒಂದು ಎಚ್ಚರಿಕೆ. ಉತ್ಸಾಹ ಹೋಗಿದೆ ಎಂದ ಕೂಡಲೆ 'ಮನಸ್ಸಿನದು' ಎಂದು ತೀರ್ಮಾನಿಸಬೇಡಿ. ಶಾಲಾ ಶಿಕ್ಷಕಿಯೊಬ್ಬರು ಗೋಡೆ ಪತ್ರಿಕೆಯ ಕೆಲಸವನ್ನು ಬಹಳ ಮೆಚ್ಚಿ ಮಾಡುತ್ತಿದ್ದವರು, ಒಂದು ವರ್ಷದಿಂದ ಅದನ್ನು ಕಂಡರೆ ಓಡುವಂತಾಗಿತ್ತು. ಮಕ್ಕಳ ಬರಹ ತಿದ್ದಲು ಕುಳಿತರೆ ತೂಕಡಿಕೆ. ಅವರು ವಾರದ ಪತ್ರಿಕೆಯನ್ನು ತಿಂಗಳದ್ದಾಗಿ ಮಾಡಿ ನೋಡಿದರು, ಪ್ರಯೋಜನವಾಗಲಿಲ್ಲ. ಕೇಳಿದಾಗ ತೂಕ ಹೆಚ್ಚಿದ್ದು, ಕೂದಲು ಉದುರುವುದು, ಮಲಬದ್ಧತೆ, ಎಲ್ಲರಿಗಿಂತ ಹೆಚ್ಚು ಚಳಿ ಎಲ್ಲವೂ ಹೊರಬಂದವು. ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯಾಗಿತ್ತು. ಔಷಧ ಆರಂಭಿಸಿದ ಕೆಲವು ತಿಂಗಳಲ್ಲಿ ಗೋಡೆ ಪತ್ರಿಕೆ ಮತ್ತೆ ವಾರಕ್ಕೊಮ್ಮೆ ಬದಲಾಗತೊಡಗಿತು. ಅಲ್ಲಿ ಬದಲಿಸಬೇಕಾಗಿದ್ದದ್ದು ಪತ್ರಿಕೆಯ ವೇಳಾಪಟ್ಟಿ ಆಗಿರಲಿಲ್ಲ.

ಆದ್ದರಿಂದ ಕೆಲವು ವಾರಗಳಿಂದ ಆಯಾಸ, ನಿರುತ್ಸಾಹ ಇದ್ದರೆ ನಿಮ್ಮ ಕುಟುಂಬ ವೈದ್ಯರನ್ನು ಕಾಣಿರಿ. ಅವರು ಸಾಮಾನ್ಯವಾಗಿ ಇವನ್ನು ನೋಡುತ್ತಾರೆ:

ರಕ್ತಹೀನತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. ಹಿಮೊಗ್ಲೋಬಿನ್ ಪರೀಕ್ಷೆ ಸುಲಭ, ಅಗ್ಗ.

ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್: ಎರಡೂ ಸದ್ದಿಲ್ಲದೆ ಬರುತ್ತವೆ.

ಬಿ-12 ಜೀವಸತ್ವದ ಕೊರತೆ: ಸಸ್ಯಾಹಾರಿಗಳಲ್ಲಿ, ವಯಸ್ಸಾದವರಲ್ಲಿ ಹೆಚ್ಚು. ಕೈಕಾಲು ಜೋಮು, ಮರೆವು ಕೂಡ ಇರಬಹುದು.

ನಿದ್ರೆಯ ತೊಂದರೆ: ಜೋರಾಗಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ಕಟ್ಟುವವರು ಎಂಟು ಗಂಟೆ ಮಲಗಿದರೂ ಹಗಲಲ್ಲಿ ತೂಕಡಿಸುತ್ತಾರೆ.

ಔಷಧಗಳು: ನೆಗಡಿಯ ಕೆಲವು ಗುಳಿಗೆ, ರಕ್ತದೊತ್ತಡದ ಕೆಲವು ಗುಳಿಗೆ ಮಂಪರು, ಆಯಾಸ ತರಬಹುದು. ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಖಿನ್ನತೆ: ಇದನ್ನು ಪ್ರತ್ಯೇಕವಾಗಿ ಹೇಳಬೇಕು. ಬೇಸರವಾದ ಸಂಪಾದಕರಿಗೆ ಪತ್ರಿಕೆಯೊಂದೇ ಬೇಡವಾಗಿರುತ್ತದೆ. ಮೊಮ್ಮಗಳು ಬಂದರೆ ನಗುತ್ತಾರೆ, ಕ್ರಿಕೆಟ್ ನೋಡುತ್ತಾರೆ, ಹೋಳಿಗೆ ಊಟ ರುಚಿಸುತ್ತದೆ. ಖಿನ್ನತೆಯಲ್ಲಿ ಇವು ಯಾವುವೂ ರುಚಿಸದೇ ಹೋಗಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು, ಮನಸ್ಸು ಕುಗ್ಗಿದ್ದರೆ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ಹಸಿವು, ನಿದ್ರೆ ಕೆಟ್ಟಿದ್ದರೆ, ತಾನು ನಿಷ್ಪ್ರಯೋಜಕ ಎಂಬ ಯೋಚನೆ ಇದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. 'ಟೆಲಿ ಮಾನಸ್' ಎಂಬ ಸರಕಾರದ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ. ಅದರ ಸಂಖ್ಯೆ 14416. ಬದುಕುವುದೇ ಬೇಡ ಎಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ಕಾಣದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಹೆಸರಾಂತರಿಗೂ ತಪ್ಪಲಿಲ್ಲ

ಪರೀಕ್ಷೆಗಳೆಲ್ಲ ಸರಿ ಇವೆ, ಖಿನ್ನತೆಯೂ ಅಲ್ಲ, ಕೆಲಸವೇ ಹಳಸಿದೆ ಎಂದಾದರೆ ಏನು ಮಾಡಬೇಕು? ಬರೆದು ಬದುಕಿದ ಕೆಲವರು ಏನು ಮಾಡಿದರೆಂದು ನೋಡೋಣ.

ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೋದಲ್ಲಿ ಓದಿದ ವೈದ್ಯರು. 1891ರ ಜುಲೈಯಿಂದ 'ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಹೋಮ್ಸ್ ಕತೆಗಳು ಬರತೊಡಗಿದವು. ಓದುಗರು ಮುಗಿಬಿದ್ದರು. ಎರಡೂವರೆ ವರ್ಷದಲ್ಲಿ 24 ಕತೆ. ಅವರ ಮನಸ್ಸು ಐತಿಹಾಸಿಕ ಕಾದಂಬರಿಗಳಲ್ಲಿತ್ತು. ಹೋಮ್ಸ್ ಅದಕ್ಕೆ ಅಡ್ಡ ಬರುತ್ತಿದ್ದ. 1893ರ ಡಿಸೆಂಬರಿನ ಕತೆಯಲ್ಲಿ ಅವನನ್ನು ಜಲಪಾತದಲ್ಲಿ ಮುಗಿಸಿಯೇಬಿಟ್ಟರು! ಆ ಬಳಿಕ ಬೇರೆ ಕತೆಗಳನ್ನು ಬರೆದರು. 1900ರಲ್ಲಿ ದಕ್ಷಿಣ ಆಫ್ರಿಕಾದ ಯುದ್ಧಕಾಲದ ಆಸ್ಪತ್ರೆಯಲ್ಲಿ ವೈದ್ಯರಾಗಿ ದುಡಿದರು. 1901ರಲ್ಲಿ ಹೋಮ್ಸ್ ಮರಳಿದ, ಆದರೆ ಬಿಡಿಕತೆಯಾಗಿ ಅಲ್ಲ, ಧಾರಾವಾಹಿ ಕಾದಂಬರಿಯಾಗಿ. 1903ರಲ್ಲಿ ಅವನಿಗೆ ಮರುಜೀವ ಬಂತು. ಅದಾದ ಮೇಲೆ, 1908ರಿಂದ ಆಚೆಗೆ, ತಿಂಗಳ ಕಟ್ಟುಪಾಡಿಲ್ಲದೆ ಅಪರೂಪಕ್ಕೊಂದರಂತೆ 1927ರವರೆಗೂ ಕತೆಗಳನ್ನು ಕೊಟ್ಟರು.

ಅಮೆರಿಕದ ಬಿಲ್ ವಾಟರ್ಸನ್ ಅವರದು ಇನ್ನೂ ಸ್ಪಷ್ಟವಾದ ಉದಾಹರಣೆ. ಒಬ್ಬ ತುಂಟ ಹುಡುಗ ಮತ್ತು ಅವನ ಬೊಂಬೆ ಹುಲಿಯ 'ಕ್ಯಾಲ್ವಿನ್ ಅಂಡ್ ಹಾಬ್ಸ್' ಎಂಬ ಚಿತ್ರಪಟ್ಟಿಯನ್ನು ಅವರು 1985ರ ನವೆಂಬರಿನಲ್ಲಿ ಪತ್ರಿಕೆಗಳಿಗೆ ಆರಂಭಿಸಿದರು. ದಿನಕ್ಕೊಂದು, ಭಾನುವಾರ ದೊಡ್ಡದು. 1991ರ ಮೇ ತಿಂಗಳಲ್ಲಿ ಬಿಡುವು ಪಡೆದು 1992ರ ಫೆಬ್ರವರಿಯಲ್ಲಿ ಮರಳಿದರು. ಮರಳಿದಾಗ ಒಂದು ಬದಲಾವಣೆ ತಂದರು. ಅದುವರೆಗೆ ಭಾನುವಾರದ ಚಿತ್ರಪಟ್ಟಿಯನ್ನು ಪತ್ರಿಕೆಗಳು ತಮ್ಮ ಜಾಗಕ್ಕೆ ತಕ್ಕಂತೆ ಕತ್ತರಿಸಿ ಜೋಡಿಸಿಕೊಳ್ಳಲು ಅನುಕೂಲವಾಗುವಂತೆ ಗೊತ್ತಾದ ಚೌಕಗಳಲ್ಲೇ ಬರೆಯಬೇಕಿತ್ತು. ಇನ್ನು ಮುಂದೆ ಅರ್ಧ ಪುಟವನ್ನು ಕತ್ತರಿಸದೆ ಇಡಿಯಾಗಿ ಅಚ್ಚು ಹಾಕಬೇಕು ಎಂದಾಯಿತು. ಆ ಅರ್ಧ ಪುಟದಲ್ಲಿ ಚೌಕಗಳನ್ನು ತಮಗೆ ಬೇಕಾದ ಆಕಾರಕ್ಕೆ ಹಿಗ್ಗಿಸಿ ಕುಗ್ಗಿಸಿ ಬಿಡಿಸಿದರು. ಪಾತ್ರಗಳು ಅವೇ, ಪುಟದ ಕಟ್ಟು ಹೊಸದು. 1994ರಲ್ಲಿ ಮತ್ತೊಮ್ಮೆ ಬಿಡುವು ಪಡೆದರು. 1995ರ ಡಿಸೆಂಬರ್ 31ಕ್ಕೆ, ಜನಪ್ರಿಯತೆ ಉತ್ತುಂಗದಲ್ಲಿರುವಾಗಲೇ, ನಿಲ್ಲಿಸಿದರು. ಅದೇ ದೇಶದ ಗ್ಯಾರಿ ಟ್ರೂಡೋ 1970ರಿಂದ ದಿನವೂ ಬರೆಯುತ್ತಿದ್ದ 'ಡೂನ್ಸ್‌ಬರಿ'ಯನ್ನು 2014ರಿಂದ ಭಾನುವಾರಕ್ಕೆ ಮಾತ್ರ ಸೀಮಿತಗೊಳಿಸಿದರು.

ನಮ್ಮವರೇ ಆದ ಶಿವರಾಮ ಕಾರಂತರನ್ನು ನೆನೆಯಿರಿ. ಯೌವನದಲ್ಲಿ 'ವಸಂತ' ಎಂಬ ಮಾಸಪತ್ರಿಕೆ ನಡೆಸಿದವರು. ಮುಂದೆ ನಲವತ್ತಕ್ಕೂ ಹೆಚ್ಚು ಕಾದಂಬರಿ, ಮಕ್ಕಳಿಗೆ ವಿಶ್ವಕೋಶ, ದೊಡ್ಡವರಿಗೆ ವಿಜ್ಞಾನ, ಅರ್ಥಕೋಶ, ಪ್ರವಾಸ ಕಥನ, ಯಕ್ಷಗಾನದ ಪ್ರಯೋಗ. ಒಂದು ದಣಿದರೆ ಇನ್ನೊಂದು ಕಾಯುತ್ತಿತ್ತು. 95 ವರ್ಷ ತುಂಬಿದ ಬಳಿಕ 1997ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಅವರ ಆಸಕ್ತಿ ಬತ್ತಲಿಲ್ಲ.

ನಮ್ಮ ರೈತರಿಗೆ ಇದು ಹಳೆಯ ವಿದ್ಯೆ. ಒಂದೇ ಹೊಲದಲ್ಲಿ ವರ್ಷವರ್ಷವೂ ಒಂದೇ ಬೆಳೆ ಇಟ್ಟರೆ ನೆಲ ಸೊರಗುತ್ತದೆ. ರಾಗಿಯ ಸಾಲಿನ ನಡುವೆ ಅವರೆ ಹಾಕುತ್ತಾರೆ, ಬೆಳೆ ಬದಲಿಸುತ್ತಾರೆ, ಒಮ್ಮೊಮ್ಮೆ ಬೀಳು ಬಿಡುತ್ತಾರೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳು ಎಷ್ಟೋ ಇವೆ. ಎತ್ತಿಗೆ ಕೊಟ್ಟ ರಜೆಯನ್ನು ನಾವು ನಮಗೆ ಕೊಟ್ಟುಕೊಳ್ಳುವುದಿಲ್ಲ.

ಪತ್ರಿಕೆಗೇ ಚಿಕಿತ್ಸೆ

ಈಗ ನೀವೇ ಮಾಡಬಹುದಾದ ಕೆಲವು ಕ್ರಮಗಳನ್ನು ಹೇಳುತ್ತೇನೆ. ಪತ್ರಿಕೆಯ ಮಾತಾದರೂ ಇವು ಭಜನಾ ಮಂಡಳಿ, ಮಕ್ಕಳ ನಾಟಕ, ವಾರದ ಸಂಗೀತಪಾಠ ಎಲ್ಲಕ್ಕೂ ಸಲ್ಲುತ್ತವೆ.

1. ಯಾವುದು ಬೇಸರ ಎಂದು ಬರೆದಿಡಿ. ಒಂದು ಸಂಚಿಕೆ ಮುಗಿಯುವವರೆಗೆ ಮಾಡಿದ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ 'ಇಷ್ಟ', 'ಪರವಾಗಿಲ್ಲ', 'ಸಾಕಪ್ಪಾ' ಎಂದು ಗುರುತು ಹಾಕಿ. ಸಾಮಾನ್ಯವಾಗಿ ಎಲ್ಲವೂ ಬೇಡವಾಗಿರುವುದಿಲ್ಲ.

2. ಅವಸರದ್ದನ್ನೂ ಅವಸರವಿಲ್ಲದ್ದನ್ನೂ ಬೇರೆ ಮಾಡಿ. ನೀರು, ಸಭೆ, ವಿದ್ಯುತ್ ನಿಲುಗಡೆಯ ಸುದ್ದಿ ತಿಂಗಳು ಕಾಯುವಂಥದ್ದಲ್ಲ. ಅದಕ್ಕೆ ಸೂಚನಾ ಫಲಕ ಸಾಕು, ವಾಟ್ಸ್ಯಾಪ್ ಗುಂಪು ಸಾಕು. ಓದಿ ಇಟ್ಟುಕೊಳ್ಳುವಂಥದ್ದು ಮಾತ್ರ ಪತ್ರಿಕೆಗೆ ಇರಲಿ.

3. ಅಂತರ ಹೆಚ್ಚಿಸಿ, ಆದರೆ ಗಡುವು ಬಿಡಬೇಡಿ. 'ಮನಸ್ಸು ಬಂದಾಗ ತರೋಣ' ಎಂದರೆ ಪತ್ರಿಕೆ ಬರುವುದೇ ಇಲ್ಲ. ತಿಂಗಳದ್ದು ಮೂರು ತಿಂಗಳದ್ದಾಗಲಿ, ವಾರದ್ದು ಹದಿನೈದು ದಿನದ್ದಾಗಲಿ. ತಾರೀಖು ಮಾತ್ರ ಗೊತ್ತಾಗಿರಲಿ. ಸಂಚಿಕೆ ಮುಗಿದ ಮೇಲೆ ಒಂದಿಷ್ಟು ದಿನ ಅದರ ಕಡತವನ್ನು ಮುಟ್ಟಬೇಡಿ.

4. ರೂಪ ಬದಲಿಸಿ. ಎಂಟು ಪುಟ ತುಂಬಿಸಲೇಬೇಕೆಂಬ ನಿಯಮವನ್ನು ಮಾಡಿದವರು ಯಾರು? ಒಂದೇ ದೊಡ್ಡ ಹಾಳೆ ಸಾಲದೇ? ಒಂದು ಸಂಚಿಕೆಗೆ ಒಂದೇ ವಿಷಯ ಇರಲಿ. ಒಂದನ್ನು ಪೂರ್ತಿ ಮಕ್ಕಳ ಕೈಗೆ ಕೊಡಿ. ಒಂದನ್ನು ಕೈಬರಹದಲ್ಲಿ ತನ್ನಿ. ಒಂದೇ ಬಾರಿ ಎಲ್ಲವನ್ನೂ ಬದಲಿಸಬೇಡಿ. ಒಂದು ಸಲಕ್ಕೆ ಒಂದು ಬದಲಾವಣೆ ಆದರೆ ಯಾವುದು ಫಲಿಸಿತೆಂದು ತಿಳಿಯುತ್ತದೆ. ಔಷಧದ ವಿಷಯದಲ್ಲಿ ನಾವು ವೈದ್ಯರೂ ಹಾಗೆಯೇ ಮಾಡುತ್ತೇವೆ.

5. ಹೆಗಲು ಹಂಚಿ. 'ಸಾಕಪ್ಪಾ' ಎಂದು ಗುರುತು ಹಾಕಿದ ಕೆಲಸಗಳಲ್ಲಿ ಒಂದನ್ನಾದರೂ ಬೇರೆಯವರಿಗೆ ಕೊಡಿ. ಅವರು ನಿಮ್ಮಷ್ಟು ಚೆನ್ನಾಗಿ ಮಾಡದಿರಬಹುದು. ಒಂದು ಕಾಗುಣಿತದ ತಪ್ಪಿಗೆ ಲೋಕ ಮುಳುಗುವುದಿಲ್ಲ.

6. ಓದುಗರಿಗೆ ಮೊದಲೇ ತಿಳಿಸಿ. 'ಮುಂದಿನ ಒಂದು ವರ್ಷ ಹೀಗೆ ಮಾಡಿ ನೋಡುತ್ತೇವೆ, ಆಮೇಲೆ ನಿಮ್ಮ ಅಭಿಪ್ರಾಯ ಕೇಳುತ್ತೇವೆ' ಎಂದು ನಾಲ್ಕು ಸಾಲು ಬರೆದರೆ ಅರ್ಧ ಆತಂಕ ಕಡಿಮೆ. ಹೇಳದೆ ತಡಮಾಡಿದಾಗ ಕಾಡುವ ಅಪರಾಧಿ ಭಾವವೇ ಎಷ್ಟೋ ಜನರ ನಿದ್ರೆ ಕೆಡಿಸುತ್ತದೆ.

7. ನಡೆಯಿರಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕುಳಿತಿದ್ದಾಗಿಗಿಂತ ನಡೆಯುವಾಗ ಬಹುತೇಕರಿಗೆ ಹೊಸ ಹೊಸ ಯೋಚನೆಗಳು ಹೆಚ್ಚಾಗಿ ಹೊಳೆದವು. ದಿನಕ್ಕೆ ಅರ್ಧ ಗಂಟೆಯ ನಡಿಗೆ ಹೃದಯಕ್ಕೂ ಒಳ್ಳೆಯದು, ಸಂಪಾದಕೀಯಕ್ಕೂ ಒಳ್ಳೆಯದು. ಚೀಟಿ, ಪೆನ್ಸಿಲ್ ಜೇಬಿನಲ್ಲಿರಲಿ.

8. ನಿದ್ರೆಯನ್ನು ಸಾಲ ಕೊಡಬೇಡಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ಗಡುವಿನ ದಿನಗಳಲ್ಲಿ ಸಂಜೆಯ ಮೇಲೆ ಕಾಫಿ, ಚಹಾ ಬೇಡ. ಮಲಗುವ ಮುನ್ನ ಪ್ರೂಫ್ ನೋಡುವುದಂತೂ ಬೇಡವೇ ಬೇಡ.

ಅವರು ಮಾಡಿದ್ದೇನು?

ನಿವೃತ್ತ ಬ್ಯಾಂಕ್ ನೌಕರರು ಪಟ್ಟಿ ಮಾಡಿಕೊಂಡು ಬಂದರು. ಹನ್ನೊಂದು ಕೆಲಸಗಳಲ್ಲಿ ಎರಡರ ಮುಂದೆ ಮಾತ್ರ 'ಇಷ್ಟ' ಎಂದಿತ್ತು: ಹಿರಿಯರ ಜೊತೆ ಮಾತನಾಡಿ ಬರೆಯುವುದು, ಪುಟ ಜೋಡಿಸುವುದು. ಜಾಹೀರಾತಿಗೆ ಅಂಗಡಿ ಅಂಗಡಿ ಅಲೆಯುವುದು, ಬಾಕಿ ಚಂದಾ ಕೇಳುವುದು, ಬಾರದ ಲೇಖನಕ್ಕೆ ಫೋನು ಮಾಡುವುದು ಅವರ ತಲೆನೋವಿನ ಬೇರುಗಳು. ಸಂಘದ ಸಭೆಯಲ್ಲಿ ಅವರು ಪತ್ರಿಕೆಯನ್ನು ವರ್ಷಕ್ಕೆ ನಾಲ್ಕು ಸಂಚಿಕೆಗೆ ಇಳಿಸುವ ಮಾತೆತ್ತಿದರು: ಯುಗಾದಿ, ಶಾಲೆ ಶುರುವಾಗುವ ಜೂನ್, ದಸರಾ, ಸಂಕ್ರಾಂತಿ.

ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಹನ್ನೆರಡು ಸಂಚಿಕೆಗೆಂದು ಚಂದಾ ಕೊಟ್ಟಿದ್ದೇವೆ ಎಂದು ಇಬ್ಬರು ಜಗಳ ತೆಗೆದರು. ಮೆಡಿಕಲ್ ಸ್ಟೋರಿನವರು ತಿಂಗಳ ಜಾಹೀರಾತು ಹಿಂತೆಗೆದುಕೊಂಡರು. ಖಜಾಂಚಿಯವರು ಚಂದಾ ಕಡಿಮೆ ಮಾಡಿ ಲೆಕ್ಕ ಸರಿದೂಗಿಸಿದರು. ಕಾಲೇಜು ಓದುವ ಹುಡುಗಿಯೊಬ್ಬಳು ಸೂಚನೆಗಳನ್ನು ಫೋನಿನ ಗುಂಪಿಗೆ ಹಾಕುವ ಕೆಲಸ ವಹಿಸಿಕೊಂಡಳು. ಮೊದಲ ಹೊಸ ಸಂಚಿಕೆಗೆ ಒಂದೇ ವಿಷಯ: ಬಡಾವಣೆ ಆಗುವ ಮೊದಲು ಅಲ್ಲಿ ಏನಿತ್ತು? ಮುಚ್ಚಿಹೋದ ಬಾವಿ, ಹುಣಿಸೆ ತೋಪು, ಮೊದಲ ಮನೆ ಕಟ್ಟಿದವರು, ರಾತ್ರಿ ನರಿ ಕೂಗುತ್ತಿದ್ದ ದಿನಗಳು. ಅದನ್ನು ಓದಿ ಮನೆಗೇ ಬಂದು ಹಳೆಯ ಫೋಟೋ ಕೊಟ್ಟುಹೋದವರು ಹಲವರು. ಅವರಲ್ಲಿ ಚಂದಾ ಜಗಳದ ಇಬ್ಬರ ಪೈಕಿ ಒಬ್ಬರೂ ಇದ್ದರಂತೆ.

ಆರು ತಿಂಗಳ ಬಳಿಕ ತಲೆನೋವು ಅಪರೂಪವಾಗಿತ್ತು, ನಿದ್ರೆ ಸುಧಾರಿಸಿತ್ತು, ರಕ್ತದೊತ್ತಡ 136/84ಕ್ಕೆ ಇಳಿದಿತ್ತು. ಪತ್ರಿಕೆ ಬದಲಾದದ್ದರಿಂದಲೇ ಇಳಿಯಿತೆಂದು ಹೇಳುವಂತಿಲ್ಲ. ಅವರು ಉಪ್ಪು ಕಡಿಮೆ ಮಾಡಿದ್ದರು, ನಡೆಯುತ್ತಿದ್ದರು, ಗುಳಿಗೆ ತಪ್ಪಿಸುತ್ತಿರಲಿಲ್ಲ. ಗುಳಿಗೆ ಈಗಲೂ ಮುಂದುವರಿದಿದೆ. ಮನಸ್ಸು ಹಗುರಾಯಿತೆಂದು ರಕ್ತದೊತ್ತಡದ ಔಷಧ ನಿಲ್ಲಿಸುವುದು ಅಪಾಯ ಎಂಬುದನ್ನು ಓದುಗರೆಲ್ಲರೂ ನೆನಪಿಡಬೇಕು.

ಮನೆಯವರಿಗೆ ಎರಡು ಮಾತು

ಇಂಥವರ ಮನೆಯವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, 'ಯಾರು ನಿಮಗೆ ಮಾಡಿ ಅಂದದ್ದು?' ಎರಡು, 'ಬಿಟ್ಟು ಸುಮ್ಮನೆ ಕೂತ್ಕೊಳ್ಳಿ.' ಎರಡೂ ಕಾಳಜಿಯ ಮಾತುಗಳೇ. ಆದರೆ ಕೇಳುವವರಿಗೆ ಇಷ್ಟು ವರ್ಷ ಮಾಡಿದ್ದು ವ್ಯರ್ಥ ಎಂದು ಕೇಳಿಸುತ್ತದೆ. ಅದರ ಬದಲು 'ಇದರಲ್ಲಿ ನಿಮಗೆ ಯಾವ ಭಾಗ ಇಷ್ಟ?' ಎಂದು ಕೇಳಿ ನೋಡಿ. ಲಕೋಟೆಗೆ ವಿಳಾಸ ಬರೆಯಲು ಮಕ್ಕಳನ್ನು ಕೂರಿಸಿ. ಮಕ್ಕಳಿಗೆ ಅದರಿಂದ ಕೈಬರಹವೂ ತಿದ್ದುತ್ತದೆ, ಅಜ್ಜನ ಕೆಲಸದ ಬೆಲೆಯೂ ತಿಳಿಯುತ್ತದೆ.

ಮಕ್ಕಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಮಗಳು ಚಿತ್ರಕಲೆಯ ತರಗತಿಗೆ ಹೋಗಲು ಅಳುತ್ತಿದ್ದರೆ ಆಕೆಗೆ ಕಲೆ ಬೇಡವಾಗಿದೆ ಎಂದೇ ಅರ್ಥವಲ್ಲ. ವಾರಕ್ಕೆ ಮೂರು ದಿನ, ಪರೀಕ್ಷೆಯ ಸಲುವಾಗಿ ಒಂದೇ ಹೂಕುಂಡವನ್ನು ಬರೆದು ಬರೆದು ಬೇಸತ್ತಿರಬಹುದು. ಒಂದು ತಿಂಗಳು ತರಗತಿ ಬಿಡಿಸಿ, ಬಣ್ಣ ಮತ್ತು ಹಾಳೆಯನ್ನು ಆಕೆಯ ಕೈಗೆಟಕುವಂತೆ ಇಟ್ಟು ಸುಮ್ಮನಿರಿ. ಆಕೆಯಾಗಿ ಕುಂಚ ಹಿಡಿಯುತ್ತಾಳೋ ನೋಡಿ.

ಬದಲಾವಣೆ ಮಾಡಿಯೂ ಉತ್ಸಾಹ ಬಾರದಿದ್ದರೆ? ಒಂದು ವರ್ಷ ಪ್ರಾಮಾಣಿಕವಾಗಿ ಪ್ರಯತ್ನಿಸಿ, ದೇಹ ಮನಸ್ಸು ಸರಿಯಿದ್ದೂ, ಕೆಲಸ ಇನ್ನೂ ಹೊರೆಯೆನಿಸಿದರೆ ಕೊನೆಯ ಸಂಚಿಕೆಯನ್ನು ಚೆನ್ನಾಗಿ ಮಾಡಿ, ಓದುಗರಿಗೆ ಕೃತಜ್ಞತೆ ಹೇಳಿ, ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಸಿ ಹತ್ತಿರದ ಗ್ರಂಥಾಲಯಕ್ಕೆ ಕೊಟ್ಟು ನಿಲ್ಲಿಸಿ. ಅದು ಸೋಲಲ್ಲ. ಆದರೆ ನಿಲ್ಲಿಸುವ ನಿರ್ಧಾರವನ್ನು ಇಪ್ಪತ್ತೊಂಬತ್ತನೇ ತಾರೀಖಿನ ರಾತ್ರಿ, ತಲೆ ಸಿಡಿಯುತ್ತಿರುವಾಗ ಮಾಡಬೇಡಿ. ಒಂದನೇ ತಾರೀಖು ಪತ್ರಿಕೆ ಹಂಚಿ, ಮನೆಗೆ ಬಂದು, ಚೆನ್ನಾಗಿ ನಿದ್ರೆ ಮಾಡಿ, ಐದನೇ ತಾರೀಖಿನ ಬೆಳಿಗ್ಗೆ ಯೋಚಿಸಿ.